ಮೊಡವೆಗೆ ಸ್ಪೈರೊನೊಲ್ಯಾಕ್ಟೋನ್: ಆತುರ ಬೇಡ

ವಯಸ್ಸು ಇಪ್ಪತ್ತೈದು ದಾಟಿದರೂ ಗದ್ದ, ದವಡೆಯ ಸುತ್ತ ಏಳುತ್ತಲೇ ಇರುವ, ಮುಟ್ಟಿಗೆ ಮುಂಚೆ ಹೆಚ್ಚುವ ಮೊಡವೆಯ ಹಿಂದೆ ಆಂಡ್ರೋಜನ್ ಹಾರ್ಮೋನಿನ ಕೈವಾಡವಿರುವುದುಂಟು. ಇದಕ್ಕೆ ಚರ್ಮವೈದ್ಯರು ಬರೆಯುವ ಸ್ಪೈರೊನೊಲ್ಯಾಕ್ಟೋನ್ ಮೂಲತಃ ರಕ್ತದೊತ್ತಡದ, ಮೈಯಲ್ಲಿ ನೀರು ತುಂಬುವುದನ್ನು ಇಳಿಸುವ ಮಾತ್ರೆ. ಚರ್ಮದ ಎಣ್ಣೆಗ್ರಂಥಿಗಳ ಮೇಲೆ ಆಂಡ್ರೋಜನ್ ಮಾಡುವ ಪರಿಣಾಮವನ್ನು ಅದು ತಡೆಯುತ್ತದೆ.

ಹೆಚ್ಚಿನವರು ಎಡವುವುದು ಕಾಯುವುದರಲ್ಲಿ. ಫಲ ಕಾಣಲು ಸುಮಾರು 3 ತಿಂಗಳು ಬೇಕು. ಮುಖದ ಅನಗತ್ಯ ಕೂದಲಿಗೆ 6 ತಿಂಗಳಾದರೂ ಬೇಕು. ತಿಂಗಳಿಗೇ ಬೇಸತ್ತು ಮಾತ್ರೆ ಬಿಡುವುದೂ ಸರಿಯಲ್ಲ, ದಿನದ 50 ಮಿಲಿಗ್ರಾಂ ಅನ್ನು ತಾವಾಗಿಯೇ 100ಕ್ಕೆ ಏರಿಸುವುದೂ ಸರಿಯಲ್ಲ.

ಅಕ್ಕನ ಚೀಟಿ ತೋರಿಸಿ ತಂಗಿ ಮಾತ್ರೆ ತರುವುದಂತೂ ಕೂಡದು. ಗರ್ಭದಲ್ಲಿರುವ ಗಂಡು ಶಿಶುವಿನ ಜನನಾಂಗದ ಬೆಳವಣಿಗೆಗೆ ಇದರಿಂದ ಧಕ್ಕೆಯಾಗಬಹುದು. ಆದ್ದರಿಂದ ಗರ್ಭಿಣಿಯರಿಗೂ ಮಗು ಬಯಸುತ್ತಿರುವವರಿಗೂ ಇದು ವರ್ಜ್ಯ; ಉಳಿದವರಿಗೂ ವೈದ್ಯರು ಗರ್ಭನಿರೋಧಕದ ಮಾತೆತ್ತಿದರೆ ಸಂಕೋಚಪಡಬೇಕಿಲ್ಲ.

ಈ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಆರೋಗ್ಯವಂತ ಯುವತಿಯರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂತ್ರಪಿಂಡದ ಕಾಯಿಲೆಯಿರುವವರು, ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ನುಂಗುವವರು ಅದನ್ನು ಮೊದಲೇ ಹೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂಥವರಿಗೆ ದಿನವೂ ಎಳನೀರು, ‘ಕಡಿಮೆ ಸೋಡಿಯಂ’ ಉಪ್ಪು ಒಳ್ಳೆಯದಲ್ಲ. ಎರಡರಲ್ಲೂ ಪೊಟ್ಯಾಸಿಯಂ ಹೇರಳ.

ಮುಟ್ಟು ಏರುಪೇರಾದರೆ ಗಾಬರಿ ಬೇಡ, ವೈದ್ಯರಿಗೆ ತಿಳಿಸಿದರೆ ಸಾಕು. ಗಂಡಸರಲ್ಲಿ ಎದೆ ಊದುವ ಸಂಭವವಿರುವುದರಿಂದ ಮೊಡವೆಗೆ ಅವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.