ಶಿಕ್ಷೆ, ಪ್ರಶಂಸೆ ಮತ್ತು ನಮ್ಮ ತೀರ್ಮಾನಗಳು

ಮಾನವನು ಲಾಭನಷ್ಟಗಳನ್ನು ತೂಗಿ ನೋಡಿ ವಿವೇಕದಿಂದಲೇ ವ್ಯವಹರಿಸುವನೆಂಬ ನಂಬಿಕೆಯ ಮೇಲೆ ಅರ್ಥಶಾಸ್ತ್ರವು ಬಹುಕಾಲ ನಿಂತಿತ್ತು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಅಗ್ರಗಣ್ಯರು. ಅನಿಶ್ಚಿತ ಸನ್ನಿವೇಶಗಳಲ್ಲಿ ನಮ್ಮ ತೀರ್ಮಾನಗಳು ಹೇಗೆ ದಾರಿ ತಪ್ಪುತ್ತವೆ ಎಂಬುದನ್ನು ಅವರು ೧೯೭೪ ಮತ್ತು ೧೯೭೯ರ ಪ್ರಬಂಧಗಳಲ್ಲಿ ವಿಶದಪಡಿಸಿದರು. ಟ್ವರ್ಸ್ಕಿ ೧೯೯೬ರಲ್ಲಿ ನಿಧನರಾದರು. ಕಾನೆಮನ್ನರಿಗೆ ೨೦೦೨ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅವರ ಅನುಭವದ ಒಂದು ಸಂಗತಿಯು ಶಿಕ್ಷಕರಾದ ನಮಗೆ ಅತ್ಯಂತ ಸಮೀಪವಾದುದು.

೧೯೬೦ರ ದಶಕದಲ್ಲಿ ಕಾನೆಮನ್ನರು ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಉಪನ್ಯಾಸ ನೀಡುತ್ತ, ಕಲಿಕೆಗೆ ಶಿಕ್ಷೆಗಿಂತ ಪ್ರಶಂಸೆಯೇ ಮೇಲೆಂದು ಹೇಳಿದರು. ಅನುಭವಿ ತರಬೇತುದಾರನೊಬ್ಬನು ಇದನ್ನು ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದ ಶಿಷ್ಯನನ್ನು ಹೊಗಳಿದರೆ ಮರುಸಲ ಅವನು ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿಸಿದರೆ ಮರುಸಲ ಸುಧಾರಿಸುತ್ತಾನೆ ಎಂಬುದು ಅವನ ವಾದ. ಅವನು ಕಂಡದ್ದು ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು.

ಯಾವುದೇ ಸಾಧನೆಯಲ್ಲಿ ಸಾಮರ್ಥ್ಯದ ಜೊತೆಗೆ ಆಕಸ್ಮಿಕದ ಪಾಲೂ ಇರುತ್ತದೆ. ಅಸಾಧಾರಣವಾಗಿ ಒಳ್ಳೆಯ ಅಥವಾ ಕೆಟ್ಟ ಫಲಿತಾಂಶದ ನಂತರ, ಯಾರು ಏನೂ ಹೇಳದಿದ್ದರೂ, ಮುಂದಿನ ಫಲಿತಾಂಶವು ಸಾಮಾನ್ಯವಾಗಿ ಸರಾಸರಿಯತ್ತ ಮರಳುತ್ತದೆ. ಆಂಗ್ಲ ವಿದ್ವಾಂಸ ಫ್ರಾನ್ಸಿಸ್ ಗಾಲ್ಟನ್ ಇದನ್ನು ೧೮೮೬ರಲ್ಲಿಯೇ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಧ್ಯಯನದಲ್ಲಿ ತೋರಿಸಿದ್ದನು. ಕಾನೆಮನ್ನರು ಅಲ್ಲಿಯೇ ಒಂದು ಪ್ರಯೋಗ ನಡೆಸಿದರು. ಪ್ರತಿಯೊಬ್ಬನೂ ಬೆನ್ನ ಹಿಂದಿನ ಗುರಿಯತ್ತ ಎರಡು ನಾಣ್ಯಗಳನ್ನು ಎಸೆಯಬೇಕು. ಮೊದಲ ಸಲ ಗುರಿಗೆ ಸಮೀಪವಾದವರಲ್ಲಿ ಬಹುಪಾಲಿನವರು ಎರಡನೆಯ ಸಲ ದೂರವಾದರು. ದೂರವಿದ್ದವರು ಸಮೀಪಕ್ಕೆ ಬಂದರು. ಅಲ್ಲಿ ಹೊಗಳಿಕೆಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ.

ಈಗ ನಮ್ಮ ತರಗತಿಯನ್ನು ನೆನೆಯೋಣ. ಸಾಮಾನ್ಯವಾಗಿ ೬೦ ಅಂಕ ಪಡೆಯುವ ಬಾಲಕನು ಜ್ವರದಿಂದಲೋ ಮನೆಯ ಚಿಂತೆಯಿಂದಲೋ ಒಮ್ಮೆ ೪೦ ಪಡೆದನೆನ್ನಿ. ಗುರುಗಳು ದಂಡಿಸುತ್ತಾರೆ, ಮುಂದಿನ ಪರೀಕ್ಷೆಯಲ್ಲಿ ಅವನು ಮತ್ತೆ ೬೦ಕ್ಕೆ ಬರುತ್ತಾನೆ. ಕೀರ್ತಿಯೆಲ್ಲ ಬೆತ್ತಕ್ಕೆ ಸಲ್ಲುತ್ತದೆ. ಈ ಲೇಖಕನೂ ಹಲವು ವರ್ಷ ಹಾಗೆಯೇ ನಂಬಿದ್ದನು. ಆ ನಂಬಿಕೆಯ ಬೆಲೆಯನ್ನು ತೆತ್ತವರು ಮಕ್ಕಳು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಕಾಯಿದೆಯು ಕೈಯನ್ನು ತಡೆಯಬಲ್ಲದು; ಭ್ರಮೆಯನ್ನು ಕಳೆಯುವುದು ವಿಚಾರದಿಂದ ಮಾತ್ರ ಸಾಧ್ಯ.

ದಾನಿಗಳಿಗೂ ಇದರಲ್ಲಿ ಪಾಠವಿದೆ. ಒಂದು ಪರೀಕ್ಷೆಯಲ್ಲಿ ಪ್ರಥಮಳಾಗಿ ವಿದ್ಯಾರ್ಥಿವೇತನ ಪಡೆದ ಬಾಲಕಿ ಮರುವರ್ಷ ಕೆಲವು ಅಂಕ ಇಳಿದರೆ, ಸಹಾಯದಿಂದ ಅವಳು ಸೋಮಾರಿಯಾದಳೆಂದು ಭಾವಿಸಿ ಅದನ್ನು ನಿಲ್ಲಿಸುವುದು ಅನ್ಯಾಯವಾದೀತು. ಶಿಖರವನ್ನು ಮುಟ್ಟಿದ ಅಂಕವು ಸ್ವಲ್ಪ ಇಳಿಯುವುದು ಸಹಜ.

ಇದರಿಂದ ಶ್ರಮವೂ ಬೋಧನೆಯೂ ನಿಷ್ಫಲವೆಂದು ತಿಳಿಯಬಾರದು. ಒಂದೇ ಪರೀಕ್ಷೆಯ ಏರಿಳಿತದಿಂದ ಅವುಗಳ ಫಲವನ್ನು ಅಳೆಯಲಾಗದು ಎಂಬುದಷ್ಟೇ ಇದರ ತಾತ್ಪರ್ಯ. ಆದುದರಿಂದ ಹಲವು ಪರೀಕ್ಷೆಗಳನ್ನು ಒಟ್ಟಾಗಿ ನೋಡಬೇಕು. ಹೊಸ ಕ್ರಮವೊಂದನ್ನು ಜಾರಿಗೆ ತಂದಾಗ, ಆ ಕ್ರಮಕ್ಕೆ ಒಳಪಡದ ಸಮಾನ ಮಕ್ಕಳೊಡನೆ ಹೋಲಿಸಬೇಕು.

ನಾವು ಮಗು ಸೋತಾಗ ದಂಡಿಸುತ್ತೇವೆ, ಗೆದ್ದಾಗ ಹೊಗಳುತ್ತೇವೆ. ಆದ್ದರಿಂದ ಆಕಸ್ಮಿಕವು ನಮ್ಮ ಕಾಠಿಣ್ಯವನ್ನು ಸಮರ್ಥಿಸುವಂತೆಯೂ ಪ್ರೀತಿಯನ್ನು ಹಳಿಯುವಂತೆಯೂ ತೋರುತ್ತದೆ. ಈ ಮೋಸವನ್ನು ಅರಿತು ಕರುಣೆಯಲ್ಲಿ ನಿಲ್ಲುವುದೇ ಗುರುವಿನ ಕಾಯಕ. ಶ್ರೀಮಠದ ನೆರಳಿನಲ್ಲಿ ಅಕ್ಷರ ಮತ್ತು ಅನ್ನ ದಾಸೋಹಗಳೆರಡನ್ನೂ ನಡೆಸಿಕೊಂಡು ಬಂದಿರುವ ನಮ್ಮ ಶಾಲೆಗೆ ಈ ಅರಿವು ಭೂಷಣಪ್ರಾಯವಾಗಲಿ.