ಬಿದ್ದ ಕಲ್ಲಿನಲ್ಲಿ ಕಬ್ಬಿಣ ಎಷ್ಟು?

ಉಲ್ಕಾಶಿಲೆಗಳಲ್ಲಿ ಎರಡು ಥರ. ಯಾವತ್ತೋ ಬಿದ್ದು ಆಮೇಲೆ ಯಾರಿಗೋ ಸಿಕ್ಕವು ಒಂದು. ಬೀಳೋದನ್ನ ಜನ ಕಣ್ಣಾರೆ ಕಂಡು ಹೆಕ್ಕಿ ತಂದವು ಇನ್ನೊಂದು. ಎರಡನೆಯವು ತುಂಬಾ ಕಡಿಮೆ, ಆದ್ರೆ ಬೆಲೆ ಅವಕ್ಕೇ ಜಾಸ್ತಿ. ಬೆಲೆ ಅಂದ್ರೆ ದುಡ್ಡಲ್ಲ, ಮಾಹಿತಿ.

ಇಂಥ ಮೂರು ಕಲ್ಲುಗಳನ್ನ ನೋಡೋಣ. 1865ರಲ್ಲಿ ಮದ್ದೂರಿನಲ್ಲಿ ಬಿದ್ದದ್ದು (ಪಟ್ಟಿಯಲ್ಲಿ ಬ್ರಿಟಿಷರ ಬಾಯಲ್ಲಿ ಅದು 'ಮುದ್ದೂರ್'), 1866ರಲ್ಲಿ ಉಡುಪಿಯದ್ದು, ಮತ್ತೆ 2008ರ ಸೆಪ್ಟೆಂಬರ್ 12ರಂದು ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯದ್ದು. ಕೊನೆಯದು ಸುಮಾರು 110 ಕೆ.ಜಿ.! ಮೂರೂ ಕಾಂಡ್ರೈಟ್ ಎಂಬ ಕಲ್ಲಿನ ಜಾತಿ. ಒಳಗೆ ಸಾಸಿವೆ ಕಾಳಿಗಿಂತ ಚಿಕ್ಕ ಚಿಕ್ಕ ಗುಂಡುಗಳಿರುತ್ತವೆ; ಅವು ಸುಮಾರು 456 ಕೋಟಿ ವರ್ಷಗಳ ಹಿಂದೆ, ಭೂಮಿ ಪೂರ್ತಿ ರೂಪುಗೊಳ್ಳುವ ಮೊದಲೇ, ಕರಗಿ ಗಟ್ಟಿಯಾದ ಹನಿಗಳು.

ಮಜಾ ಏನಂದ್ರೆ ಉಡುಪಿಯದ್ದು ಎಚ್5, ಮದ್ದೂರಿನದ್ದು ಎಲ್5, ಶೂಲಗಿರಿಯದ್ದು ಎಲ್‌ಎಲ್6. ಸಾಮಾನ್ಯ ಕಾಂಡ್ರೈಟಿನ ಮೂರೂ ಗುಂಪು ನಮ್ಮ ಆಸುಪಾಸಲ್ಲೇ ಬಿದ್ದಿವೆ. ಅಕ್ಷರ ಹೇಳೋದು ಕಬ್ಬಿಣದ ಕಥೆ. ಎಚ್ ಗುಂಪಿನಲ್ಲಿ ಒಟ್ಟು ಕಬ್ಬಿಣ ತೂಕದ ಶೇ. 25ರ ಮೇಲೆ, ಎಲ್, ಎಲ್‌ಎಲ್ ಗುಂಪುಗಳಲ್ಲಿ ಅದಕ್ಕಿಂತ ಕಡಿಮೆ. ಆದ್ರೆ ಒಟ್ಟು ಲೆಕ್ಕಕ್ಕಿಂತ ಕಬ್ಬಿಣ ಯಾವ ರೂಪದಲ್ಲಿದೆ ಅನ್ನೋದೇ ನಮಗೆ ಹಿಡಿಸಿದ್ದು. ಎಚ್‌ನಲ್ಲಿ ಬಹುಪಾಲು ನಿಕ್ಕಲ್ ಬೆರೆತ ಲೋಹವಾಗಿ ಹೊಳೆಯುತ್ತೆ. ಎಲ್‌ಎಲ್‌ನಲ್ಲಿ ಹೆಚ್ಚಿನದು ಆಮ್ಲಜನಕದ ಜೊತೆ ಕೂಡಿ ಆಲಿವಿನ್, ಪೈರಾಕ್ಸೀನ್ ಖನಿಜಗಳೊಳಗೆ ಅಡಗಿ ಕೂತಿರುತ್ತೆ. ಅಂದ್ರೆ ಹುಟ್ಟಿದ ಜಾಗದಲ್ಲಿ ಎಷ್ಟು ಆಮ್ಲಜನಕ ಸಿಕ್ಕಿತ್ತು ಅನ್ನೋದಕ್ಕೆ ಇದೇ ಸಾಕ್ಷಿ. ಅಂಕಿ ಹೇಳೋದು ಆಮೇಲೆ ಬೆಂದ ಕಥೆ: 6 ಅಂದ್ರೆ ಚೆನ್ನಾಗಿ ಬೆಂದು ಗುಂಡುಗಳ ಅಂಚು ಮಸುಕಾಗಿದೆ. ಮೆಟೀರಿಯಲ್ ಸೈನ್ಸ್ ಲ್ಯಾಬಲ್ಲಿ ನಾವು ಮಾಡೋ ಅನೀಲಿಂಗ್ ನೆನಪಾಯ್ತಾ?

ಈಗ ಕೆರೆಬಿಳಚಿಯ ಹೊಲದಲ್ಲಿ ಇಂಥದ್ದು ಬಿತ್ತು ಅಂದುಕೊಳ್ಳಿ. ಎಲ್ಲರೂ ಮೊದಲು ಹುಡುಕೋದು ಅಯಸ್ಕಾಂತ. ದಯವಿಟ್ಟು ಬೇಡ. ಕಬ್ಬಿಣದ ಅದಿರಿನ ಎಷ್ಟೋ ಕಲ್ಲಿಗೂ ಅದು ಅಂಟುತ್ತೆ. ಮೇಲಾಗಿ ಕಲ್ಲು ಕೋಟ್ಯಂತರ ವರ್ಷ ಹೊತ್ತು ತಂದ ಕಾಂತೀಯ ಗುರುತು ಒಂದೇ ಸಲಕ್ಕೆ ಅಳಿಸಿಹೋಗುತ್ತೆ. ಸುಟ್ಟ ಕಪ್ಪು ತೆಳು ಸಿಪ್ಪೆ ಇದೆಯಾ ನೋಡಿ. ತೊಳೆಯಬೇಡಿ, ನೀರು ತಾಗಿದ್ರೆ ಲೋಹ ತುಕ್ಕು ಹಿಡಿಯುತ್ತೆ. ಬಿದ್ದ ಜಾಗದ ಫೋಟೋ, ಸಮಯ ಬರೆದಿಟ್ಟು, ಒಣ ಕವರಿನಲ್ಲಿ ಹಾಕಿ, ತಾಲ್ಲೂಕು ಕಚೇರಿ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ತಡ ಮಾಡೋ ಹಾಗಿಲ್ಲ: ಬಾಹ್ಯಾಕಾಶದ ಕಿರಣಗಳು ಕಲ್ಲಿನೊಳಗೆ ಹುಟ್ಟಿಸಿದ ಸೋಡಿಯಂ-22 ಪ್ರತಿ 2.6 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತೆ.