ಹೆಸರಿನ ಒಂದಕ್ಷರ

ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋ ಸುಗ್ಗಿ ಬಂತೆಂದರೆ ಹತ್ತನೇ ತರಗತಿಯ ಬೆಂಚುಗಳೂ ಖಾಲಿ. ಕೂಲಿಯ ಕಷ್ಟ ಗೊತ್ತು. ಆದರೂ ಎಸ್ಸೆಸ್ಸೆಲ್ಸಿಗೆ ಕೂರಲು ಶೇ 75 ಹಾಜರಿ ಬೇಕು, ನೆನಪಿರಲಿ.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಮಗುವಿನ ಹೆಸರು. ನಮ್ಮ ಗಡಿಸೀಮೆಯಲ್ಲಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಯರಿಸ್ವಾಮಿ’, ಆಧಾರ್‌ನಲ್ಲಿ ‘ಎರ್ರಿಸ್ವಾಮಿ’. ಇನಿಷಿಯಲ್ಲು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ! ಒಂಬತ್ತನೇ ತರಗತಿಯಲ್ಲೇ ಹೆಡ್‌ಮಾಸ್ಟರ ಹತ್ತಿರ ಕೂತು ಎರಡನ್ನೂ ತಾಳೆ ನೋಡಿ, ತಂದೆತಾಯಿ ಹೆಸರು, ಹುಟ್ಟಿದ ತಾರೀಖು ಸಮೇತ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸೋದೆಂದರೆ ಬರೀ ಅಲೆದಾಟ.

ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆ ಬೇಕಾಗುತ್ತದೆ. ಅದರ ಅರ್ಜಿಗೆ ಬಳ್ಳಾರಿ ಬಸ್ಸು ಹತ್ತುವ ಮುಂಚೆ ವ್ಯಾಸಂಗ ಪ್ರಮಾಣಪತ್ರ ಪಡೆದು, ನಾಲ್ಕು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.